ಕಟ್ ಮಾಡಿದ ಅಳು ಎಲ್ಲಿ ಹೋಯಿತು

ನಮ್ಮ ಹಿತ್ತಲಿಗೆ ಅಂಟಿಕೊಂಡಿರುವ ಜೋಳದ ಹೊಲದಲ್ಲಿ ಹಳೆಯ ಸೀಡಿಗಳನ್ನು ದಾರಕ್ಕೆ ಕಟ್ಟಿ ಸಾಲಾಗಿ ನೇತುಹಾಕಿದ್ದಾರೆ, ಗಿಳಿಗಳು ಬಾರದಿರಲಿ ಎಂದು. ಗಾಳಿ ಬಂದಾಗ ಅವು ತಿರುಗುತ್ತವೆ, ಬಿಸಿಲು ಬಿದ್ದಾಗ ಕಣ್ಣಿಗೆ ಚುಚ್ಚುತ್ತವೆ. ಗಿಳಿಗಳು ಹೆದರುತ್ತವೋ ಇಲ್ಲವೋ ಕಾಣೆ. ಒಂದು ಗಿಳಿಯಂತೂ ಆ ದಾರದ ಮೇಲೆಯೇ ಕೂತು ಜೋಳ ತಿನ್ನುವುದನ್ನು ನಾನು ನೋಡಿದ್ದೇನೆ. ನನಗೆ ಮಾತ್ರ ಬೆಳಗ್ಗೆ ಹಿತ್ತಲ ಬಾಗಿಲು ತೆಗೆದು ಆ ಸೀಡಿಗಳನ್ನು ಕಂಡಾಗಲೆಲ್ಲ ಒಂದೇ ಅನುಮಾನ. ಇದರಲ್ಲಿ ನನ್ನದೂ ಒಂದು ಇರಬಹುದೇ?

ನನ್ನದು ಎಂದರೆ ನಾನು ಹಾಡಿದ್ದಲ್ಲ. ನಾನು ಹಾಡುವುದಾದರೆ ಗಿಳಿ ಓಡಿಸಲು ಸೀಡಿ ಕಟ್ಟುವ ಅಗತ್ಯವೇ ಇರುತ್ತಿರಲಿಲ್ಲ. ನನ್ನ ಬಗ್ಗೆ ಹಾಡಿದ್ದು. ಒಂದು ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಮದುವೆ ಚಪ್ಪರಗಳಲ್ಲೆಲ್ಲ ನನ್ನ ಹೆಸರು, ನನ್ನ ಗುಣ, ನನ್ನ ತಕರಾರುಗಳು ಸ್ಪೀಕರಿನಲ್ಲಿ ಮೊಳಗುತ್ತಿದ್ದವು. ಮದುವೆಯಾಗುತ್ತಿದ್ದವರು ಮಾತ್ರ ಬೇರೆ ಹುಡುಗಿಯರು. ನಗಬೇಡಿ, ಹೇಳುತ್ತೇನೆ.

ಮೊದಲು ಈ ಅನುಮಾನದ ಮೂಲ ಹೇಳಿಬಿಡಬೇಕು. ನಾನು ಹಾಲನ್ನು ಕಾಯಿಸುವ ಮುಂಚೆ ಮೂಸುತ್ತೇನೆ, ಕಾಯಿಸಿದ ಮೇಲೂ ಮೂಸುತ್ತೇನೆ. ಬೀಗ ಹಾಕಿ ಜಗ್ಗಿ ನೋಡಿ, ರಸ್ತೆಯ ತಿರುವಿನವರೆಗೆ ಹೋಗಿ, ವಾಪಸು ಬಂದು ಮತ್ತೆ ಜಗ್ಗುತ್ತೇನೆ. ಯಾರಾದರೂ ನಿಮ್ಮ ಸೀರೆ ಚೆನ್ನಾಗಿದೆ ಎಂದರೆ ಸೆರಗು ಎಲ್ಲಿ ಹರಿದಿದೆ ಎಂದು ಹುಡುಕುತ್ತೇನೆ. ನನ್ನ ಯಜಮಾನರು ಇದಕ್ಕೆಲ್ಲ ಹೊಂದಿಕೊಂಡುಬಿಟ್ಟಿದ್ದಾರೆ. ಅಷ್ಟು ಸುಲಭವಾಗಿ ಯಾಕೆ ಹೊಂದಿಕೊಂಡರು ಎನ್ನುವುದೂ ಒಂದು ಅನುಮಾನವೇ. ಈ ಗುಣ ನನಗೆ ಬಂದದ್ದು ದೊಡ್ಡವ್ವನಿಂದ.

ದೊಡ್ಡವ್ವ ಎಂದರೆ ನನ್ನ ಹೆತ್ತವ್ವನ ಅಕ್ಕ. ಹೆಸರು ಸಣ್ಣಮ್ಮ, ಮನೆ ಕಂಪಲಾಪುರ. ಹನಗೋಡಿನಲ್ಲಿದ್ದ ನನ್ನ ಹೆತ್ತವ್ವನಿಗೆ ಸಾಲಾಗಿ ಹೆಣ್ಣುಮಕ್ಕಳು, ದೊಡ್ಡವ್ವನಿಗೆ ಒಂದೂ ಇಲ್ಲ. ನನಗಿನ್ನೂ ಮಾತು ಸರಿಯಾಗಿ ಬರದಿದ್ದಾಗ ದೊಡ್ಡವ್ವ ಒಂದು ದಿನ ಹನಗೋಡಿಗೆ ಬಂದಳಂತೆ, ಊಟ ಮಾಡಿದಳಂತೆ, ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ಸು ಹತ್ತಿದಳಂತೆ. ಅಷ್ಟೆ. ಯಾರೂ ಏನನ್ನೂ ಕೇಳಲಿಲ್ಲ, ಯಾರೂ ಏನನ್ನೂ ಹೇಳಲಿಲ್ಲ. ಹಬ್ಬಕ್ಕೆ ಹನಗೋಡಿಗೆ ಹೋದರೆ ಅಲ್ಲಿ ನಾನು ನೆಂಟಳು. ಹೊಳೆಯಲ್ಲಿ ಈಜಲು ಅಕ್ಕಂದಿರಿಗೆಲ್ಲ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ದಂಡೆಯ ಮೇಲೆ ಅವರ ಬಟ್ಟೆ ಕಾಯುವುದು ನನ್ನ ಕೆಲಸ.

ಹೀಗೆ ಬೆಳೆದವರಿಗೆ ಒಂದು ಹುಳ ಹೊಟ್ಟೆಯೊಳಗೆ ಇದ್ದೇ ಇರುತ್ತದೆ. ದೊಡ್ಡವ್ವ ಬೈದರೆ, ಸ್ವಂತ ಮಗಳಾಗಿದ್ದರೆ ಬೈಯುತ್ತಿದ್ದಳೇ ಎಂದು ಅನುಮಾನ. ಬೈಯದೆ ಬಿಟ್ಟರೆ, ಸ್ವಂತ ಮಗಳಾಗಿದ್ದರೆ ಹೀಗೆ ಸುಮ್ಮನೆ ಬಿಡುತ್ತಿದ್ದಳೇ ಎಂದು ಇನ್ನೊಂದು. ನಾನು ಅವಳನ್ನು ಅವ್ವ ಎಂದು ಕರೆಯಲಿಲ್ಲ, ಹಾಗೆ ಕರೆ ಎಂದು ಅವಳೂ ಹೇಳಲಿಲ್ಲ. ದೊಡ್ಡವ್ವ ಎಂದೇ ಕರೆದೆ, ಓ ಎಂದಳು.

ಅವಳಿಗೂ ಲೋಕದ ಮೇಲೆ ನಂಬಿಕೆ ಕಡಿಮೆ. ರೇಷನ್ ಅಂಗಡಿಯಲ್ಲಿ ಅಕ್ಕಿ ತೂಗುವಾಗ ತಕ್ಕಡಿಯ ಮುಳ್ಳನ್ನು ನೋಡುತ್ತಿರಲಿಲ್ಲ, ಅಂಗಡಿಯವನ ಹೆಬ್ಬೆರಳನ್ನು ನೋಡುತ್ತಿದ್ದಳು. ರೇಡಿಯೋದಲ್ಲಿ ನಾಳೆ ಮಳೆ ಎಂದರೆ, "ಅವ್ನು ನಮ್ಮೂರ ಮೋಡ ಯಾವಾಗ ಬಂದು ನೋಡ್ದ?" ಎಂದು ಕೇಳಿ ಕಾಳು ಒಣಗಲು ಹಾಕುತ್ತಿದ್ದಳು. ಕೋಳಿಯ ಗೂಡಿನಿಂದ ಮೊಟ್ಟೆ ತೆಗೆಯುವಾಗ ಒಂದನ್ನು ಮಾತ್ರ ಬಿಡುತ್ತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, "ಒಂದಿದ್ರೆ ಎಲ್ಲಾ ಅವೆ ಅಂದ್ಕಂಡು ಮತ್ತೆ ಬಂದು ಇಕ್ತದೆ. ನಂಬೋ ಪ್ರಾಣಿ ಕಣವ್ವ ಅದು, ಅದ್ಕೆ ಅಂಗಾಗದು" ಎಂದಿದ್ದಳು. ನಾನು ಕೋಳಿಯಾಗಬಾರದು ಎಂದು ಅವತ್ತೇ ತೀರ್ಮಾನ ಮಾಡಿದೆ.

ಇಂಥ ದೊಡ್ಡವ್ವ ಸೋಬಾನೆ ಹೇಳುವವಳು. ನಮ್ಮ ಕಡೆ ಸೋಬಾನೆಯನ್ನು ಹಾಡುತ್ತಾರೆ ಎನ್ನುವುದಿಲ್ಲ, ಹೇಳುತ್ತಾರೆ ಎನ್ನುತ್ತಾರೆ. ಚಪ್ಪರಕ್ಕೊಂದು ಪದ, ಅರಿಸಿನ ಹಚ್ಚಲು ಒಂದು, ಬೀಗರನ್ನು ಹಂಗಿಸಲು ಒಂದು. ಎಲ್ಲ ಮುಗಿದು ಹುಡುಗಿ ಗಂಡನ ಮನೆಗೆ ಹೊರಡುವಾಗ ಒಪ್ಪಿಸುವ ಪದ. ಆಗ ತಟ್ಟೆಯಲ್ಲಿ ಹಾಲು ಹಾಕಿಟ್ಟು, ತಾಯಿ ಮಗಳ ಕೈಯನ್ನು ಅದರಲ್ಲಿ ಅದ್ದಿ, ಅತ್ತೆಯ ಕೈಯೊಳಗೆ ಇಡಬೇಕು. ಪಕ್ಕದಲ್ಲಿ ನಿಂತು ಪದ ಹೇಳುವವಳು ಹುಡುಗಿಯ ಹೆಸರು ಹಿಡಿದು, ಅವಳ ನಿಜವಾದ ಗುಣಗಳನ್ನು ಬಿಡಿಸಿ ಬಿಡಿಸಿ ಬೀಗರಿಗೆ ಹೇಳಬೇಕು. ಇವಳಿಗೆ ಸಪ್ಪೆ ಸೇರದು, ಇವಳಿಗೆ ಬೆಳಗಿನ ನಿದ್ದೆ ಜಾಸ್ತಿ, ಹೊಡೆಯಬೇಡಿ, ಹೇಳಿದರೆ ಕೇಳುತ್ತಾಳೆ, ಹೀಗೆ. ಇದ್ದದ್ದನ್ನು ಮುಚ್ಚಿಟ್ಟು ಒಪ್ಪಿಸುವ ಹಾಗಿಲ್ಲ.

ಅಲ್ಲಿ ಎಲ್ಲರೂ ಅಳುತ್ತಾರೆ. ಅಡಿಗೆಯವರೂ ಅಳುತ್ತಾರೆ. ಪದ ಹೇಳುವವಳು ಮಾತ್ರ ಅಳುವ ಹಾಗಿಲ್ಲ. ಅವಳ ಗಂಟಲು ಕಟ್ಟಿ ಪದ ನಡುವೆ ನಿಂತರೆ ಹೋಗುವ ಹುಡುಗಿಗೆ ಒಳ್ಳೆಯದಾಗುವುದಿಲ್ಲ ಎಂದು ನಂಬಿಕೆ. ದೊಡ್ಡವ್ವ ಕಂಬಕ್ಕೆ ಒರಗಿ ನಿಂತು, ಚಪ್ಪರದ ಸೋಗೆ ನೋಡುತ್ತಾ, ಒಣ ಕಣ್ಣಿನಲ್ಲಿ ಎಷ್ಟೋ ಹುಡುಗಿಯರನ್ನು ಒಪ್ಪಿಸಿದ್ದಳು. ಸಣ್ಣಮ್ಮನ ಎದೆ ಕಲ್ಲು ಎಂದು ಜನ ಗೌರವದಿಂದಲೇ ಹೇಳುತ್ತಿದ್ದರು. ಹನಗೋಡಿನ ನನ್ನ ಅಕ್ಕಂದಿರನ್ನೆಲ್ಲ ಅವಳೇ ಒಪ್ಪಿಸಿದಳು. ನಾನು ಅವಳ ಸೆರಗು ಹಿಡಿದು ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿದೆ. ಪ್ರತಿ ಸಲವೂ ನನ್ನ ತಲೆಯೊಳಗೆ ಓಡುತ್ತಿದ್ದುದು ಒಂದೇ. ನನ್ನ ಸರದಿ ಬಂದಾಗ ಇವಳು ನನ್ನ ಬಗ್ಗೆ ಏನು ಹೇಳುತ್ತಾಳೆ? ತಂಗಿಯ ಮಗಳಿಗೆ ಹೇಳಿದ ಹಾಗೆ ಹೇಳುತ್ತಾಳೋ, ಮಗಳಿಗೆ ಹೇಳಿದ ಹಾಗೋ? ಕೇಳಿದರೆ ಗೊತ್ತಾಗಿಬಿಡುತ್ತದೆ ಎಂದು ನಂಬಿದ್ದೆ. ನಾನು ಲೋಕದಲ್ಲಿ ಕಾದು ಕುಳಿತಿದ್ದುದು ಅದೊಂದಕ್ಕೇ.

ಅಷ್ಟರಲ್ಲಿ ಕಂಪ್ಯೂಟರ್ ಬಂತು.

ತಂದವನು ಮಹೇಶ, ದೊಡ್ಡವ್ವನ ಗಂಡನ ತಮ್ಮನ ಮಗ. ಮೊದಲು ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿಕೊಂಡಿದ್ದ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ದಿನಕ್ಕೆ ಮೈಸೂರಿನಿಂದ ಒಂದು ಕಂಪ್ಯೂಟರ್ ಜೋಡಿಸಿಕೊಂಡು ಬಂದು, ಪಿರಿಯಾಪಟ್ಟಣದಲ್ಲಿ ಅಂಗಡಿ ಸಾಲಿನ ಮೇಲಿನ ಕೋಣೆಯೊಂದರಲ್ಲಿ ಸ್ಟುಡಿಯೋ ಇಟ್ಟ. ಆ ಕೋಣೆ ಮುಂಚೆ ಹೊಗೆಸೊಪ್ಪು ತುಂಬುವ ಸ್ಟೋರು. ಹೊರಗಿನ ಸದ್ದು ಬರದಿರಲೆಂದು ಗೋಡೆಗೆಲ್ಲ ಮೊಟ್ಟೆ ಟ್ರೇ ಹೊಡೆದು, ಅದರ ಮೇಲೆ ಅಲ್ಲೇ ಬಿದ್ದಿದ್ದ ಹೊಗೆಸೊಪ್ಪಿನ ಗೋಣಿತಾಟು ಕಟ್ಟಿದ್ದ. ಹೊರಗಿನ ಸದ್ದೇನೋ ಕಡಿಮೆಯಾಯಿತು. ಒಳಗೆ ಹಾಡಲು ಬಂದವರೆಲ್ಲ ಸೀನತೊಡಗಿದರು. ಅವನು ಕಂಪ್ಯೂಟರಿನಲ್ಲಿ ಮೊದಲು ಚೆನ್ನಾಗಿ ಕಲಿತ ಕೆಲಸ ಸೀನು ತೆಗೆಯುವುದು.

ಒಂದು ಸಂಜೆ ಅವನು ಮನೆಗೆ ಬಂದು ಜಗುಲಿಯ ಮೇಲೆ ಕೂತ. "ದೊಡ್ಡವ್ವ, ನಿನ್ ಸೋಬಾನೆದು ಒಂದು ಸೀಡಿ ಮಾಡ್ತೀನಿ. ಮೇಳ ಎಲ್ಲಾ ಕಂಪ್ಯೂಟರ್‌ನಾಗೇ ಐತೆ. ನೀನು ಬಂದು ಕುಂತ್ಕಂಡು ಹೇಳು ಸಾಕು."

ದೊಡ್ಡವ್ವ ಅವನನ್ನು ಓಡಿಸುತ್ತಾಳೆ ಎಂದು ನಾನು ಕಾದೆ. ಟೇಪ್ ರೆಕಾರ್ಡರ್ ಬಂದ ಕಾಲದಲ್ಲಿ ಯಾರೋ ಮದುವೆ ಮನೆಯಲ್ಲಿ ಅವಳ ಬಾಯಿಯ ಹತ್ತಿರ ಅದನ್ನು ಹಿಡಿದದ್ದಕ್ಕೆ ಪದ ನಿಲ್ಲಿಸಿ, "ಅದ್ನ ಅತ್ಲಾಗೆ ಮಡಗು, ಇಲ್ಲಾ ನೀನೇ ಹೇಳ್ಕ" ಎಂದು ಎದ್ದು ಹೋಗಿದ್ದವಳು ಅವಳು. ಈ ಸಲ ಎಲೆ ಅಡಿಕೆ ಜಗಿಯುತ್ತಾ ಕೇಳಿದಳು. "ಮದ್ಯದಲ್ಲಿ ತಪ್ಪೋದ್ರೆ?"

"ತಪ್ಪಿದ್ ಕಡೆಯಿಂದ ಮತ್ತೆ ಹೇಳು. ಎರಡನ್ನೂ ಸೇರಿಸ್ತೀನಿ, ಗೊತ್ತೇ ಆಗಕ್ಕಿಲ್ಲ."

"ಗಂಟ್ಲು ಕಟ್ಕಂಡ್ರೆ?"

"ಅದ್ನ ಕಟ್ ಮಾಡಿ ಬಿಸಾಕ್ತೀನಿ. ಚೆನ್ನಾಗಿರೋದ ಮಾತ್ರ ಮಡೀಕತೀನಿ."

ದೊಡ್ಡವ್ವ ಎದ್ದು ಹೋಗಿ ಬೇಲಿಯ ಕಡೆ ಉಗಿದು ಬಂದಳು. "ಆಯ್ತು ಬುಡು, ಬತ್ತೀನಿ" ಎಂದಳು. ಅವಳು ಅಷ್ಟು ಸಲೀಸಾಗಿ ಯಾವುದಕ್ಕೂ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿಂದಲೇ ನನಗೆ ಅನುಮಾನ ಶುರುವಾಯಿತು.

ನಾವು ಪಿರಿಯಾಪಟ್ಟಣಕ್ಕೆ ಹೋದ ದಿನ ಹೊಗೆಸೊಪ್ಪಿನ ಹರಾಜು ಇತ್ತು. ರಸ್ತೆ ತುಂಬ ಟ್ರಾಕ್ಟರು, ಲಾರಿ. ಲಾರಿ ಹಾರ್ನ್ ಹೊಡೆದಾಗಲೆಲ್ಲ ಮಹೇಶ ಕೈ ಎತ್ತಿ ನಿಲ್ಲಿಸುತ್ತಿದ್ದ. ದೊಡ್ಡವ್ವ ಮೊದಲು ಕೋಣೆಯನ್ನು ಪರೀಕ್ಷೆ ಮಾಡಿದಳು. ಮೊಟ್ಟೆ ಟ್ರೇ ತಡವಿದಳು, ಮೈಕಿಗೆ ಹೊದಿಸಿದ್ದ ಕಾಲುಚೀಲದಂಥದ್ದನ್ನು ಹಿಸುಕಿದಳು. ಅವನು ಒಂದು ಗುಂಡಿ ಒತ್ತಿ ನಾದಸ್ವರ ಕೇಳಿಸಿದ.

"ಊದೋನು ಎಲ್ಲವ್ನೆ?"

"ಇದ್ರೊಳಗೆ ದೊಡ್ಡವ್ವ."

ಅವಳು ಬಗ್ಗಿ ಮೇಜಿನ ಕೆಳಗೆ ನೋಡಿದಳು. ಡಬ್ಬದ ಹಿಂದೆಯೂ ಕೈ ಹಾಕಿ ನೋಡಿದಳು. ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ, "ಉಸ್ರು ತಗಳ್ದೇ ಊದ್ತವ್ನೆ. ಮನುಸ ಅಲ್ಲ ಅದು" ಎಂದು ಕೂತಳು.

ಚಪ್ಪರದ ಪದ ಹೇಳಿ ಮುಗಿಸಿದಾಗ ಮಹೇಶ ಪರದೆ ತೋರಿಸಿದ. ಹಸಿರು ಬಣ್ಣದಲ್ಲಿ ಉದ್ದಕ್ಕೂ ಏರು ಇಳಿವಿನ ಮೊನಚು ಗೆರೆ. ಇದೇ ನಿನ್ನ ದನಿ ಎಂದ. ದೊಡ್ಡವ್ವ ಹತ್ತಿರ ಹೋಗಿ ನೋಡಿ, "ನನ್ ದನಿ ಇಷ್ಟೊಂದು ಮುಳ್ಳು ಮುಳ್ಳಾಗೈತಾ?" ಎಂದು ಬೇಸರಪಟ್ಟಳು. ಸೋಬಾನೆಯಲ್ಲಿ ಒಬ್ಬರು ಹೇಳಿದ ಸಾಲನ್ನು ಉಳಿದವರು ಎತ್ತಿ ಹೇಳಬೇಕು. ಅವಳ ಜೊತೆಗಾತಿಯರು ಕಂಪ್ಯೂಟರಿಗೆ ಹೆದರಿ ಬಂದಿರಲಿಲ್ಲ. ಮಹೇಶ ಅವಳ ದನಿಯನ್ನೇ ನಕಲು ಮಾಡಿ, ಸ್ವಲ್ಪ ದಪ್ಪ ಮಾಡಿ, ಹಿಂದಿನಿಂದ ಓಗೊಡುವ ಹಾಗೆ ಸೇರಿಸಿದ. ಅದನ್ನು ಕೇಳಿ ಅವಳು ಸೆರಗು ಬಿಗಿಯಾಗಿ ಹೊದ್ದುಕೊಂಡಳು.

"ನಾನು ಹೇಳಿದ್ದಕ್ಕೆ ನಾನೇ ಓಗೊಡೋದ? ಸ್ಮಶಾನದ ತಾವು ಇಂಗೆ ಆಯ್ತದೆ ಅಂತಾರೆ" ಎಂದಳು.

ಕೊನೆಗೆ ಒಪ್ಪಿಸುವ ಪದದ ಸರದಿ ಬಂತು. ಮಹೇಶ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಶುರುಮಾಡು ಎಂದ. ದೊಡ್ಡವ್ವ ಮೈಕನ್ನು ಅತ್ತ ಸರಿಸಿದಳು.

"ಎದುರಿಗೆ ಎಣ್ಣಿಲ್ದೆ ಒಪ್ಸೋ ಪದ ಹೇಳ್ಬಾರ್ದು ಕಣ್ಲಾ. ಯಾವ್ ಮನೆ ಎಣ್ಣ ಯಾರಿಗೆ ಕೊಟ್ಟಂಗಾಯ್ತು?"

"ಸುಮ್ನೆ ರೆಕಾರ್ಡಿಂಗು ದೊಡ್ಡವ್ವ. ಯಾರ್ನೂ ಕೊಡಲ್ಲ."

"ಸುಮ್ನೆ ಕೊಡೋದು ಅಂದ್ರೆ ಇನ್ನೂ ಕೆಟ್ದು."

ಅವಳ ಕಣ್ಣು ಕೋಣೆಯೆಲ್ಲ ಸುತ್ತಿ ನನ್ನ ಮೇಲೆ ನಿಂತಿತು. ಇದ್ದದ್ದು ನಾನೊಬ್ಬಳೇ ಹೆಣ್ಣು. ಆಗ ನನ್ನ ಓದು ಮುಗಿದಿತ್ತು, ಮದುವೆಯ ಮಾತು ಇನ್ನೂ ಗಟ್ಟಿಯಾಗಿ ಎದ್ದಿರಲಿಲ್ಲ. "ಲೇ ರೇಣಿ, ಬಾ, ಇಲ್ಲಿ ಕುಂತ್ಕ" ಎಂದಳು. ನಾನು ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅವಳೆದುರು ಕೂತೆ. ಹಾಲಿನ ತಟ್ಟೆ ಇಲ್ಲ, ಬೀಗರಿಲ್ಲ. ಸದ್ದಾಗದಿರಲೆಂದು ಫ್ಯಾನು ಆಫ್ ಮಾಡಿದ್ದರಿಂದ ಬೆವರು ಇಳಿಯುತ್ತಿತ್ತು. ನಾನು ಹುಟ್ಟಿದಾಗಿನಿಂದ ಕಾಯುತ್ತಿದ್ದ ಪದ ಶುರುವಾಯಿತು.

ರೇಣುಕಾ ಎಂದು ನನ್ನ ಪೂರ್ತಿ ಹೆಸರು ಹಿಡಿದು ಎತ್ತಿದಳು. ಗುಡುಗಿದರೆ ಕಂಬಳಿಯೊಳಗೆ ಸೇರುತ್ತಾಳೆ, ಹೊರಗೆ ಎಳೆಯಬೇಡಿ ಎಂದಳು. ಈಜು ಬಾರದು, ಹೊಳೆಗೆ ಒಬ್ಬಳನ್ನೇ ಕಳಿಸಬೇಡಿ ಎಂದಳು. ನಾನು ದಂಡೆಯ ಮೇಲೆ ಬಟ್ಟೆ ಕಾಯುತ್ತಿದ್ದುದು ಇವಳಿಗೆ ಹೇಗೆ ಗೊತ್ತು ಎಂದು ನಾನು ಯೋಚಿಸುತ್ತಿರುವಾಗಲೇ ಇನ್ನೊಂದು ಸಾಲು ಬಂತು.

"ಬೇಗ ನಂಬೋಳಲ್ಲ, ನಂಬಿದ್ರೆ ಬಿಡೋಳಲ್ಲ."

ಆ ಸಾಲಿನ ಕೊನೆಯಲ್ಲಿ ಅವಳ ದನಿ ಒಡೆಯಿತು. ನಾನು ತಲೆ ಎತ್ತಲಿಲ್ಲ. ಅಳುವವರ ಮುಖ ನೋಡುವ ಅಭ್ಯಾಸ ನನಗಿಲ್ಲ. ಪರದೆಯನ್ನೇ ನೋಡಿದೆ. ಹಸಿರು ಗೆರೆ ಚಿಕ್ಕದಾಗಿ ನಡುಗುತ್ತಿತ್ತು. ಮಹೇಶ ಕೈಸನ್ನೆ ಮಾಡಿದ, ಅವಳು ಮೂಗು ಒರೆಸಿಕೊಂಡು ಮತ್ತೆ ಅಲ್ಲಿಂದ ಹೇಳಿದಳು. ಮತ್ತೆ ಒಡೆಯಿತು. ಮತ್ತೆ ಹೇಳಿದಳು. ಹಾಗೆ ಚೂರು ಚೂರಾಗಿ ಆ ಪದ ಮುಗಿಯುವಷ್ಟರಲ್ಲಿ ಹರಾಜಿನ ಲಾರಿಗಳೆಲ್ಲ ಹೋಗಿದ್ದವು.

ಮಹೇಶ ಅದನ್ನೆಲ್ಲ ಕತ್ತರಿಸಿ ಜೋಡಿಸಿ ಕೇಳಿಸಿದ. ಎಲ್ಲಿಯೂ ಒಂದು ಬಿರುಕಿಲ್ಲ. ಕಲ್ಲೆದೆಯ ಸಣ್ಣಮ್ಮ ಮೊದಲಿನಿಂದ ಕೊನೆಯವರೆಗೆ ನೆಟ್ಟಗೆ ಹೇಳಿದ್ದಳು. ದೊಡ್ಡವ್ವ ಕೇಳಿ ಮುಗಿಸಿ ಅವನನ್ನು ದಿಟ್ಟಿಸಿದಳು.

"ನಾನು ಅತ್ತಿದ್ದು ಎಲ್ಲೋಯ್ತು?"

"ಕಟ್ ಮಾಡ್ದೆ."

"ಕಟ್ ಮಾಡಿ ಎಲ್ಲಿ ಮಡಗ್ದೆ?"

"ಎಲ್ಲೂ ಇಲ್ಲ ದೊಡ್ಡವ್ವ. ಡಿಲೀಟ್ ಆಯ್ತು. ಓಯ್ತು ಅದು."

"ಓಯ್ತು ಅಂದ್ರೆ ಎಲ್ಲಿಗೆ ಓಯ್ತು? ಬಟ್ಟೆ ಕತ್ರಿಸಿದ್ರೆ ಚೂರು ಬೀಳಕ್ಕಿಲ್ವ? ಅಳು ಎಲ್ಲಾದ್ರೂ ಇರ್ಲೇಬೇಕು" ಎಂದು ಅವಳು ನೆಲ ನೋಡಿದಳು. ಮಹೇಶ ನನ್ನ ಕಡೆ ನೋಡಿ ನಕ್ಕ. ನಾನು ನಗಲಿಲ್ಲ, ಯಾಕೆಂದರೆ ನನಗೂ ಅದೇ ಅನುಮಾನ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ, "ಯಾಕೆ ಅತ್ತೆ ದೊಡ್ಡವ್ವ?" ಎಂದು ಕೇಳಿದೆ. "ಗೋಣಿತಾಟಿನ ದೂಳು ಕಣವ್ವ, ಕಣ್ಣಿಗೆ ಬಿತ್ತು" ಎಂದು ಕಿಟಕಿಯ ಕಡೆ ತಿರುಗಿದಳು. ಧೂಳಿಗೆ ಸೀನು ಬರುತ್ತದೆ, ದನಿ ಒಡೆಯುತ್ತದೆಯೇ? ಅಥವಾ ನಿಜವಾಗಿಯೂ ಧೂಳೇ ಇರಬಹುದೇ? ಕಂಪಲಾಪುರ ಬರುವವರೆಗೆ ನಾನು ಎರಡನ್ನೂ ಹಾಕಿ ತೂಗಿದೆ, ಮುಳ್ಳು ಯಾವ ಕಡೆಗೂ ವಾಲಲಿಲ್ಲ.

ಸೀಡಿ ಹೊರಗೆ ಬಂತು. ನಾವು ಯಾರೂ ಅಂದುಕೊಂಡಿರದ ಹಾಗೆ ಓಡಿತು. ಸೋಬಾನೆ ಹೇಳುವವರು ಕಡಿಮೆಯಾಗಿದ್ದರು, ಸ್ಪೀಕರ್ ಬಾಡಿಗೆಗೆ ಕೊಡುವವರು ಹೆಚ್ಚಾಗಿದ್ದರು. ಮಹೇಶನಿಗೆ ಆಗ ಒಂದು ಬುದ್ಧಿ ಹೊಳೆಯಿತು. ಮದುವೆಯವರು ಹುಡುಗಿಯ ಹೆಸರು ಕೊಟ್ಟರೆ ಒಪ್ಪಿಸುವ ಪದದಲ್ಲಿ ರೇಣುಕಾ ತೆಗೆದು ಆ ಹೆಸರು ಕೂರಿಸಿ ಕೊಡುತ್ತೇನೆ ಎಂದು ಹೇಳಿಕೊಂಡ. ಅದಕ್ಕೆ ದೊಡ್ಡವ್ವನಿಂದ ಹೆಸರುಗಳನ್ನೆಲ್ಲ ಬಿಡಿ ಬಿಡಿಯಾಗಿ ಹೇಳಿಸಿಕೊಂಡು ಹೋದ. ಲತಾ, ಸುಮಾ, ಪವಿತ್ರಾ, ಮಂಜುಳಾ. "ಇದೇನ್ಲಾ, ಸ್ಕೂಲಲ್ಲಿ ಹಾಜರಿ ಕೂಗ್ದಂಗೆ" ಎಂದು ಗೊಣಗುತ್ತಾ ನಗುತ್ತಾ ಅವಳು ಹೇಳಿದಳು.

ಹೆಸರು ಬದಲಾಯಿಸಬಹುದು. ಗುಣ ಬದಲಾಯಿಸಲು ಬರುತ್ತಿರಲಿಲ್ಲ. ಹೀಗಾಗಿ ಆ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಗಂಡನ ಮನೆಗೆ ಹೋದ ಎಷ್ಟೋ ಹುಡುಗಿಯರು ಗುಡುಗಿಗೆ ಹೆದರುವವರು, ಈಜು ಬಾರದವರು, ಬೇಗ ನಂಬದವರು. ಲಕ್ಷ್ಮಣತೀರ್ಥ ಹೊಳೆಯಲ್ಲಿ ಮೀನಿನ ಹಾಗೆ ಈಜುತ್ತಿದ್ದ ನನ್ನ ಗೆಳತಿಯನ್ನೂ ಹಾಗೆಯೇ ಒಪ್ಪಿಸಿದರು. ಅವಳ ಅತ್ತೆ ಅವಳನ್ನು ಬಾವಿಯ ಹತ್ತಿರವೂ ಬಿಡಲಿಲ್ಲವಂತೆ.

ಅನಾಹುತ ಆದದ್ದು ಕೋಟೆ ಕಡೆಯ ಒಂದು ಮದುವೆಯಲ್ಲಿ. ಹುಡುಗಿಯ ಹೆಸರು ಲತಾ. ಪದದಲ್ಲಿ ಹೆಸರು ಶುರುವಿನಲ್ಲೊಮ್ಮೆ ಬರುತ್ತದೆ, ಕೊನೆಯಲ್ಲೊಮ್ಮೆ. ಮಹೇಶ ಅವಸರದಲ್ಲಿ ಮೊದಲಿನದನ್ನು ಬದಲಾಯಿಸಿ ಕೊನೆಯದನ್ನು ಮರೆತಿದ್ದ. ಅದೂ ಅವನು ತಂದು ಕೂರಿಸಿದ ಲತಾ, ದೊಡ್ಡವ್ವ ನಗುತ್ತಾ ಹೇಳಿದ್ದ ಲತಾ. ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಿರುವಾಗ ಸ್ಪೀಕರಿನಲ್ಲಿ ಹೆಸರು ನಕ್ಕಿತು. ಆಮೇಲೆ ಬೇಗ ನಂಬೋಳಲ್ಲ ಎಂದು ಬಂತು. ಆಮೇಲೆ ರೇಣುಕಾಳನ್ನು ಒಪ್ಪಿಸಿದ್ದೇವೆ ಎಂದು ಮುಗಿಯಿತು. ಗಂಡಿನ ಕಡೆಯ ಹಿರಿಯರೊಬ್ಬರು ಎದ್ದು ನಿಂತರಂತೆ.

"ತಡೀರಿ, ತಡೀರಿ. ಯಾರ್ರೀ ರೇಣುಕಾ? ನಮಗೆ ತೋರ್ಸಿದ್ದು ಲತಾ ಅಲ್ವಾ?"

ಹುಡುಗಿಯ ಬಾಸಿಂಗ ಸರಿಸಿ ಮುಖ ನೋಡಿದರಂತೆ. ಅವಳ ಅಪ್ಪ ಸೀಡಿಯ ತಪ್ಪು ಎಂದರೆ ಇವರು ನಂಬಲಿಲ್ಲ. ಕೊನೆಗೆ ಆ ಹುಡುಗಿಯೇ ರೋಸಿ, "ನಾನೇ ಕಣ್ರೀ ಲತಾ. ನೋಡಿದ್ದೂ ನನ್ನೇ, ಕಟ್ಟಿದ್ದೂ ನಂಗೇ. ಆ ರೇಣುಕಾ ಯಾರೋ ನಂಗೊತ್ತಿಲ್ಲ, ಸಿಕ್ಕಿದ್ರೆ ನಾನೂ ಕೇಳ್ತೀನಿ" ಎಂದ ಮೇಲೆ ತಣ್ಣಗಾದರಂತೆ. ಸುದ್ದಿ ಅವರಿಗಿಂತ ಮುಂಚೆ ಬಸ್ಸು ಹತ್ತಿ ಪಿರಿಯಾಪಟ್ಟಣಕ್ಕೆ ಬಂತು.

ಇದರ ಬಿಸಿ ತಾಗಿದ್ದು ನನಗೆ. ಅಷ್ಟೊತ್ತಿಗೆ ನನ್ನನ್ನು ನೋಡಲು ಗಂಡುಗಳ ಕಡೆಯವರು ಬರತೊಡಗಿದ್ದರು. ಬಂದವರು ಹೆಸರು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಒಬ್ಬಾಕೆಯಂತೂ ಕಾಫಿ ಲೋಟ ಕೆಳಗಿಟ್ಟು, "ಈ ಹುಡ್ಗೀನ ಆಗ್ಲೇ ಎಲ್ಲೋ ಒಪ್ಸಿರೋದು ಕೇಳಿದ್ದೀನಲ್ಲ" ಎಂದು ಹೇಳಿಯೇಬಿಟ್ಟರು. ಒಮ್ಮೆ ಒಪ್ಪಿಸಿದ ಹೆಣ್ಣನ್ನು ಯಾರು ತಾನೇ ತರುತ್ತಾರೆ? ಅವರೆಲ್ಲ ಆಮೇಲೆ ಹೇಳಿ ಕಳಿಸುತ್ತೇವೆ ಎಂದು ಹೋದರು, ಹೇಳಿ ಕಳಿಸಲಿಲ್ಲ. ನಾನು ಮಹೇಶನ ಮೇಲೆ ಹರಿಹಾಯ್ದೆ. ದೊಡ್ಡವ್ವ ಮಾತ್ರ, "ನಂಬೋರು ಬತ್ತಾರೆ ಬುಡು" ಎಂದು ಅವರೆಕಾಳು ಸುಲಿಯುತ್ತಾ ಕೂತಿದ್ದಳು. ಲೋಕವನ್ನೇ ನಂಬದವಳಿಗೆ ಇದೊಂದರಲ್ಲಿ ಯಾಕಿಷ್ಟು ಧೈರ್ಯ ಎಂದು ನನಗೆ ಸಿಟ್ಟು ಬಂತು. ಸ್ವಂತ ಮಗಳಾಗಿದ್ದರೆ ಇವಳು ಹೀಗೆ ಕೂತಿರುತ್ತಿದ್ದಳೇ ಎಂದು ಒಳಗಿನ ಹುಳ ಕೇಳಿತು.

ಕೊನೆಗೆ ಕೆ.ಆರ್. ನಗರದ ಕಡೆಯಿಂದ ಭತ್ತ ಬೆಳೆಯುವ ಮನೆಯವರು ಬಂದರು. ಹುಡುಗನ ತಾಯಿ ನನ್ನನ್ನು ನೋಡಿದವರೇ, "ಬೇಗ ನಂಬೋಳಲ್ಲ ಅಂತ ಪದದಲ್ಲಿ ಬತ್ತದಲ್ಲ, ಆ ಹುಡ್ಗಿ ನೀನೇನಾ?" ಎಂದರು. ಇವರೂ ಹೋದರು ಎಂದುಕೊಂಡು ಹೌದು ಎಂದೆ. ಹುಡುಗ, ಅಂದರೆ ಈಗಿನ ನನ್ನ ಯಜಮಾನರು, ತಲೆ ತಗ್ಗಿಸಿ ನಕ್ಕರು. ಆಮೇಲೆ ಅವರು ಹೇಳಿ ಕಳಿಸಿದರು. ಯಜಮಾನರು ಬಂದದ್ದು ನನ್ನನ್ನು ಮದುವೆಯಾಗಲೋ, ಸೀಡಿಯಲ್ಲಿ ಕೇಳಿದವಳು ಹೇಗಿದ್ದಾಳೆ ಎಂದು ನೋಡಲೋ ಎನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಕೇಳಿದರೆ ಈಗಲೂ ಹಾಗೆಯೇ ತಲೆ ತಗ್ಗಿಸಿ ನಗುತ್ತಾರೆ.

ಮದುವೆ ಗೊತ್ತಾಯಿತು, ಕಂಪಲಾಪುರದ ಮನೆಯ ಮುಂದೆಯೇ ಚಪ್ಪರ. ನಾನು ನಿಧಾನವಾಗಿ ದೊಡ್ಡವ್ವನ ಹತ್ತಿರ ಹೋಗಿ ಕೂತು, "ಒಪ್ಪಿಸೋ ಪದದಲ್ಲಿ ಈ ಸಲ ಏನ್ ಹೇಳ್ತೀಯ?" ಎಂದು ಕೇಳಿದೆ.

"ನಾನು ಹೇಳಕ್ಕಿಲ್ಲ" ಎಂದಳು.

"ಮತ್ತೆ?"

"ಸೀಡಿ ಹಾಕ್ಸೋದು. ನಿನ್ ಹೆಸರಿಂದು ಐತಲ್ಲ."

ನನಗೆ ಆದದ್ದನ್ನು ಹೇಗೆ ಹೇಳಲಿ? ಹನಗೋಡಿನ ಅಕ್ಕಂದಿರನ್ನೆಲ್ಲ ಕಂಬಕ್ಕೆ ಒರಗಿ ನಿಂತು ಬಾಯಾರೆ ಒಪ್ಪಿಸಿದವಳು ಇವಳು. ದೂರದ ನೆಂಟರ ಮಕ್ಕಳಿಗೂ ಬಸ್ಸು ಹತ್ತಿ ಹೋಗಿ ಹೇಳಿ ಬಂದವಳು. ತನ್ನ ಮನೆಯಲ್ಲೇ ಬೆಳೆದ ನನಗೆ ಸೀಡಿ. ಊರಿನ ಲತಾ, ಸುಮಾ, ಮಂಜುಳಾ ಎಲ್ಲರಿಗೂ ಹಾಕಿ ಸವೆದ ಅದೇ ಸೀಡಿ. ಹುಟ್ಟಿದಾಗಿನಿಂದ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಂಡೆ. ನಾನು ಎದ್ದು ಹಿತ್ತಲಿಗೆ ಹೋದೆ. ಗೂಡಿನಲ್ಲಿ ಕೋಳಿ ಒಂದೇ ಮೊಟ್ಟೆಯ ಮೇಲೆ ಕೂತಿತ್ತು. ನಾನೂ ನಂಬಿದ ಕೋಳಿಯೇ ಎಂದು ಅಲ್ಲಿ ನಿಂತು ಅತ್ತೆ.

ಅಲ್ಲಿಂದ ಮದುವೆಯವರೆಗೆ ನಾನು ಅವಳೊಡನೆ ಬೇಕಾದಷ್ಟೇ ಮಾತಾಡಿದೆ. ಅವಳಿಗೆ ಅದು ಗೊತ್ತಾಯಿತೋ ಇಲ್ಲವೋ. ಅವಳ ಚಿಂತೆಯೆಲ್ಲ ಕರೆಂಟಿನ ಮೇಲೆ. "ಪದದ ಮದ್ಯ ಕರೆಂಟ್ ಓದ್ರೆ? ಜನರೇಟ್ರು ಕೈ ಕೊಟ್ರೆ?" ಎಂದು ಮಹೇಶನನ್ನು ಹಿಡಿದು ಕೇಳಿದಳು. ಅವನು ಏನೂ ಆಗುವುದಿಲ್ಲ ಎಂದ. ಅವಳು ನಂಬಲಿಲ್ಲ. ಪಕ್ಕದ ಮನೆಯವರ ಟ್ರಾಕ್ಟರಿನ ಬ್ಯಾಟರಿ ಬಿಚ್ಚಿಸಿ ತಂದು, ಸೀಡಿ ಪ್ಲೇಯರ್ ಮತ್ತು ಸ್ಪೀಕರನ್ನು ಅದಕ್ಕೇ ಜೋಡಿಸುವ ಹಾಗೆ ಮಾಡಿದಳು. ಅವಳ ಎದುರಿಗೆ ಹಾಕಿ ತೋರಿಸುವವರೆಗೆ ಮಹೇಶನನ್ನು ಊಟಕ್ಕೆ ಬಿಡಲಿಲ್ಲ. ಹಾಡಲು ಮನಸ್ಸಿಲ್ಲದವಳಿಗೆ ಸೀಡಿಯ ಮೇಲೆ ಇಷ್ಟು ಮುತುವರ್ಜಿ ಯಾಕೆ ಎಂದು ನಾನು ಅರಿಸಿನ ಹಚ್ಚಿಸಿಕೊಳ್ಳುತ್ತಲೇ ಸಂಶಯಪಟ್ಟೆ.

ಧಾರೆಯನ್ನು ಹನಗೋಡಿನ ಅವ್ವ ಅಪ್ಪ ಎರೆದರು. ಒಪ್ಪಿಸುವ ಹೊತ್ತು ಬಂತು. ತಟ್ಟೆಯಲ್ಲಿ ಹಾಲು ತಂದಿಟ್ಟರು. ನನ್ನನ್ನು ಕೂರಿಸಿ, ಎದುರಿಗೆ ಅತ್ತೆಯನ್ನು ಕೂರಿಸಿದರು. ತಾಯಿಯ ಜಾಗಕ್ಕೆ ಹನಗೋಡಿನ ಅವ್ವ ಬರುತ್ತಾಳೆ ಎಂದು ನಾನು ನೋಡುತ್ತಿದ್ದೆ. ಅವ್ವ ಬರಲಿಲ್ಲ, ಜನರ ನಡುವೆ ನಿಂತೇ ಇದ್ದಳು. ಕಂಬದ ಹತ್ತಿರದಿಂದ ದೊಡ್ಡವ್ವ ಬಂದು ನನ್ನ ಪಕ್ಕದಲ್ಲಿ ಕೂತಳು. ಅವಳನ್ನು ಆ ಜಾಗದಲ್ಲಿ ನಾನು ಹಿಂದೆಂದೂ ನೋಡಿರಲಿಲ್ಲ. ಪದ ಹೇಳುವವಳು ಒಂದು ಕಡೆ ನಿಂತಿರಬೇಕು, ಕೈ ಹಿಡಿದು ಒಪ್ಪಿಸುವವಳು ಇನ್ನೊಂದು ಕಡೆ ಕೂತಿರಬೇಕು, ಒಬ್ಬಳೇ ಎರಡೂ ಆಗಲು ಬರುವುದಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು.

ಅವಳು ಮಹೇಶನಿಗೆ ತಲೆ ಆಡಿಸಿದಳು. ಸ್ಪೀಕರಿನಲ್ಲಿ ಅವಳ ದನಿ ರೇಣುಕಾ ಎಂದು ಎತ್ತಿತು. ಕೆಳಗೆ ಅವಳ ಕೈ ನನ್ನ ಕೈಯನ್ನು ಹಿಡಿದು ಹಾಲಿನಲ್ಲಿ ಅದ್ದಿತು. ಗುಡುಗಿಗೆ ಹೆದರುತ್ತಾಳೆ ಎಂದು ಮೇಲಿನ ದನಿ ಹೇಳುತ್ತಿತ್ತು, ಒಣಗಿದ ದನಿ, ಎಲ್ಲೂ ಬಿರುಕಿಲ್ಲ. ಅಷ್ಟರಲ್ಲಿ ಅವಳು ಅಂದುಕೊಂಡಿದ್ದ ಹಾಗೆಯೇ ಕರೆಂಟ್ ಹೋಯಿತು. ಚಪ್ಪರದ ಫ್ಯಾನುಗಳೆಲ್ಲ ನಿಂತವು, ಪದ ನಿಲ್ಲಲಿಲ್ಲ. ಬೇಗ ನಂಬೋಳಲ್ಲ ಎನ್ನುವ ಸಾಲು ಬಂದಾಗ ದೊಡ್ಡವ್ವ ಅಳಲು ಶುರುಮಾಡಿದಳು. ಸೆರಗು ಅಡ್ಡ ಹಿಡಿದು ಅಳುವ ಅಳುವಲ್ಲ. ನನ್ನ ಭುಜಕ್ಕೆ ತಲೆ ಇಟ್ಟು, ಬಾಯಿ ಬಿಟ್ಟು, ಹೆತ್ತವರು ಅಳುವ ಅಳು. ಸಣ್ಣಮ್ಮ ಅಳುವುದನ್ನು ಕಂಡು ಜನ ತಮ್ಮ ಅಳು ಮರೆತು ನೋಡುತ್ತಾ ನಿಂತರು. ಮೇಲೆ ಅವಳದೇ ದನಿ ಯಾವುದಕ್ಕೂ ಜಗ್ಗದೆ ಪದವನ್ನು ಕೊನೆ ಮುಟ್ಟಿಸಿತು.

ನನ್ನ ಕೈಯನ್ನು ಅತ್ತೆಯ ಕೈಯೊಳಗೆ ಇಟ್ಟು, ಮೂಗು ಒರೆಸಿಕೊಂಡು, ಅವಳು ನನ್ನ ಕಿವಿಯ ಹತ್ತಿರ ಬಾಗಿದಳು.

"ಆವತ್ತು ಮಯೇಸ ಕಟ್ ಮಾಡಿದ್ನಲ್ಲ, ಅದು ಎಲ್ಲೂ ಓಗಿರ್ನಿಲ್ಲ ಕಣವ್ವ. ಇಲ್ಲಿಗೇ ಅಂತ ಮಡೀಕಂಡಿದ್ದೆ."

ಆಯ್ತು ಅವ್ವ ಎಂದೆ. ಓ ಎಂದಳು.